ಚೆಂಡು ನೋಡದ ಮಾಸ್ತರರು

ಮೊಮ್ಮಕ್ಕಳೇ, ಸಹನಾ, ವಿನಾಯಕ, ಈ ಹಾಳೆ ನಿಮಗೆಂದು ಬರೆದಿಡುತ್ತಿದ್ದೇನೆ. ಪೀಟರ್ ಮಾಸ್ತರರು ಹಾಕಿ ಆಟ ನೋಡುವಾಗ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಎಲ್ಲರ ಕತ್ತು ಒಂದು ಕಡೆ ಹೊರಳಿದರೆ ಅವರದು ಇನ್ನೊಂದು ಕಡೆ. ಬೇಸಿಗೆಯಲ್ಲೂ ತಲೆಗೆ ಉಣ್ಣೆಯ ಟೊಪ್ಪಿಗೆ, ಬಾಯಲ್ಲಿ ಲವಂಗ. ರೈಲ್ವೆ ನೌಕರಿ ಮುಗಿದ ಮೇಲೆ ಧಾರವಾಡದ ಕ್ರೀಡಾ ಹಾಸ್ಟೆಲಿನ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು.

ಆ ಹಾಸ್ಟೆಲಿಗೆ ಹೊಸ ಹುಡುಗಿಯರನ್ನು ಆರಿಸುವ ದಿನ, ಸಹನಾ, ನಿನ್ನ ಜೊತೆ ಬೆಂಗೇರಿಯಿಂದ ಬಂದವಳು ನಾನು. ಈ ಸಲ ಸಿಗದಿದ್ದರೆ ಹಾಕಿ ಬಿಡಿಸಿ ಟ್ಯೂಷನ್ನಿಗೆ ಹಾಕುತ್ತೇನೆಂದು ನಿನ್ನ ಅಪ್ಪ ಹೇಳಿಬಿಟ್ಟಿದ್ದ. ಉಳಿದದ್ದು ಒಂದೇ ಜಾಗ. ಕೇಶ್ವಾಪುರದ ಹುಡುಗಿಯೊಬ್ಬಳು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದಳು. ಗೋಲು ತಡೆಯಲು ಹಿಂದೆ ನಿಂತ ನಿನಗೆ ನಿನ್ನ ಕಾಲೇ ತೊಡರುತ್ತಿತ್ತು. ಎರಡು ಗೋಲು ನಿನ್ನನ್ನು ದಾಟಿಕೊಂಡೇ ಹೋದವು.

ಮಾಸ್ತರರು ನಿನ್ನತ್ತ ಬೆರಳು ತೋರಿಸಿ, ಅಂಚಿನಲ್ಲಿ ಕೂತಿದ್ದ ನಮ್ಮತ್ತ ತಿರುಗಿದರು. "ಈ ಹುಡುಗಿ ಮನ್ಯಾವರು ಯಾರ್ರಿ?"

ನಾನು ಅರ್ಧ ಕೈ ಎತ್ತಿದೆ.

"ಎದ್ದ ನಿಂದರ್ರಿ ಅಜ್ಜಿ."

ನಾಲ್ಕು ಜನರ ಮುಂದೆ ಹೆಗಲು ಬಗ್ಗಿಸಿ ನಿಲ್ಲುವುದು ನನ್ನ ರೂಢಿ.

"ಹಂಗಲ್ರಿ. ನೆಟ್ಟಗ."

ಸೆರಗು ಬಿಗಿಹಿಡಿದು ನೆಟ್ಟಗೆ ನಿಂತೆ. ಅಂಗಾಲಿನಿಂದ ತಲೆಯವರೆಗೆ ನೋಡಿ, "ಛಲೋ ಎತ್ತರ ಅದೀರಿ. ಈಕಿ ಇನ್ನೂ ಬೆಳೀತಾಳ," ಎಂದರು.

ಕೇಶ್ವಾಪುರದ ಹುಡುಗಿಯ ಅಪ್ಪ ನಕ್ಕರು. "ಸರ್, ಗೋಲ್ ಹೊಡದಾಕಿ ನಮ್ಮಾಕಿ. ನೀವು ಅಜ್ಜಿ ಅಳತಿ ತೊಗೊಳ್ಳಾಕತ್ತೀರಲ್ಲ?"

"ನಿಮ್ಮಾಕಿ ಆಟ ಇವತ್ತ ಕಾಣತೈತ್ರಿ. ಈಕಿ ಮುಂದ ಏನ ಆಗಬಹುದು ಅಂತ ನೋಡಾಕತ್ತೇನಿ. ಗೋಲ್ ಹೊಡ್ಯಾವರು ಓಣಿಗೊಬ್ಬರು ಸಿಗ್ತಾರ. ಹಿಂದ ನಿಂದರಾಕಿ ಸಿಗೂದಿಲ್ಲ, ಬೆಳಸಬೇಕು."

ಜಾಗ ನಿನಗೇ ಸಿಕ್ಕಿತು. ನೀನು ನೀರು ಕುಡಿಯಲು ಹೋದಾಗ, ಗಂಡಸರ ಜೊತೆ ಮಾತಾಡದ ನಾನು ಅವರ ಬಳಿ ಹೋಗಿ ಕೇಳಿದೆ: "ಎರಡ ಗೋಲ್ ಬಿಟ್ಲಲ್ರಿ. ಏನ ಕಂಡ್ರಿ ಆಕಿಯೊಳಗ?"

"ಬಿಟ್ಟ ಮ್ಯಾಲ ಏನ ಮಾಡಿದ್ಲು, ನೋಡಿದ್ರೇನು?"

"ಇಲ್ರಿ. ನಾ ಚೆಂಡ ನೋಡಾಕತ್ತಿದ್ದೆ."

"ಎಲ್ಲಾರೂ ಅದನ್ನ ನೋಡ್ತಾರ. ಆಕಿ ಯಾರ ಮಾರಿನೂ ನೋಡಲಿಲ್ಲ, ತನ್ನ ಜಾಗಕ್ಕ ಹೋದ್ಲು. ಎರಡನೇದು ಬಿಟ್ಟ ಮ್ಯಾಲ ಸ್ವಲ್ಪ ಹಿಂದ ಸರದ ನಿಂತ್ಲು, ತನ್ನ ತಪ್ಪ ತಾನ ತಿದ್ದಿಕೊಂಡ್ಲು. ಕಾಲು ಹೆಂಗ ಇಡೂದು ಅಂತ ನಾ ಕಲಸ್ತೇನಿ. ಇದನ್ನ ಕಲಸಾಕ ನನಗ ಬರೂದಿಲ್ಲ."

"ನಿಮ್ಮ ಲೆಕ್ಕ ತಪ್ಪಿದ್ರ?"

"ತಪ್ಪಬಹುದ್ರಿ. ಹಿಂದ ಆಡೂ ಹುಡುಗಿ ತಯಾರಾಗಾಕ ಭಾಳ ವರ್ಷ ಬೇಕು. ಇವತ್ತ ಹೆಂಗ ಹೇಳ್ಲಿ?"

ಆಮೇಲೆ ಭಾನುವಾರ ನಾನು ನಿನ್ನನ್ನು ನೋಡಲು ಬಂದಾಗಲೆಲ್ಲ ಮಾಸ್ತರರು ದೂರದಿಂದಲೇ ಕೂಗುತ್ತಿದ್ದರು: "ಅಜ್ಜಿ, ನೆಟ್ಟಗ!" ಕೈಯಲ್ಲಿ ಉಂಡಿಯ ಡಬ್ಬಿ ಹಿಡಿದು, ನಗು ತಡೆದುಕೊಂಡು, ನಾನು ನೆಟ್ಟಗಾಗುತ್ತಿದ್ದೆ.

ಕೊನೆಯ ಸಲ ಕಂಡಾಗ ಅವರು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸೊರಗಿದ್ದರು. ನೀನು ಆ ದಿನವೂ ಒಂದು ಗೋಲು ಬಿಟ್ಟೆ.

"ಆಕಿ ತಯಾರಾಗೂತನಕ ನಾ ಇರೂದಿಲ್ರಿ," ಎಂದರು. "ನನ್ನ ಬದ್ಲಿ ನೀವ ನೋಡ್ರಿ. ಚೆಂಡ ಮಾತ್ರ ನೋಡಬ್ಯಾಡ್ರಿ."

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಈಗ ಭಾನುವಾರ ನಾನೇ ನೆಟ್ಟಗೆ ಕೂತು ನಿನ್ನನ್ನೇ ನೋಡುತ್ತೇನೆ, ಸಹನಾ. ಗೋಲಾದದ್ದು ಪಕ್ಕದವರು ಹೇಳಿದ ಮೇಲೆಯೇ ತಿಳಿಯುತ್ತದೆ. ಅವರ ಲೆಕ್ಕ ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ನಾನೂ ಇರುತ್ತೇನೋ ಇಲ್ಲವೋ. ಅಲ್ಲಿಯವರೆಗೆ ಈ ಹಾಳೆ ಕಳೆಯಬೇಡಿ. ವಿನಾಯಕ, ನಾನು ಹೋದ ಮೇಲೆ ನನ್ನ ಬದಲಿಗೆ ನೋಡುವ ಪಾಳಿ ನಿನ್ನದು.