ಯಾರೂ ಒತ್ತದೆ ಶುರುವಾದ ಮೋಟರು

ದೇಶಕ್ಕೇ ಕರೆಂಟಿನ ಬರ ಬಂದಿದ್ದ ಬೇಸಿಗೆ ಅದು. ಕಲ್ಲಿದ್ದಲು ಸಾಲುತ್ತಿಲ್ಲ, ಹೊರಗಿನಿಂದ ಗ್ಯಾಸ್ ಬರುತ್ತಿಲ್ಲ ಎಂದು ಟೀವಿಯವರು ಬಾಯಿ ಬಡಿದುಕೊಳ್ಳುತ್ತಿದ್ದರು. ಅದನ್ನು ನೋಡುವುದಕ್ಕೂ ಕರೆಂಟ್ ಇರಬೇಕಲ್ಲ! ಹಿರೇಹಳ್ಳಿಯಲ್ಲಿ ನಾನು ಕೆಲಸ ಮಾಡುವ ಬಿಸ್ಕತ್ತು ಫ್ಯಾಕ್ಟರಿ ವಾರದಲ್ಲಿ ಮೂರು ದಿನ ಬಾಗಿಲು ಹಾಕುತ್ತಿತ್ತು. ಹಾಗಾಗಿ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮೊದಲ ಸಲ, ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ಹಗಲು ಕಳೆಯುವಂತಾಯಿತು.

ನಡುಹಗಲಲ್ಲಿ ತೋಟ ಅಷ್ಟೊಂದು ಸುಮ್ಮನಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ದೂರದಲ್ಲೆಲ್ಲೋ ಒಣಗರಿ ಬಿದ್ದರೂ ಎದೆ ಧಸಕ್ಕೆನ್ನುತ್ತಿತ್ತು.

ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ಕರೆಂಟ್ ಮಾತ್ರ ತನಗೆ ತೋಚಿದಾಗ ಬರುತ್ತಿತ್ತು. ಕಾದು ಕೂರುವವರು ಯಾರು? ಸುತ್ತಲಿನವರೆಲ್ಲ ಆಟೋ ಸ್ಟಾರ್ಟರ್ ಹಾಕಿಸಿದ್ದರು. ಕರೆಂಟ್ ಬಂದರೆ ಮೋಟರ್ ತಾನೇ ಶುರುವಾಗುತ್ತದೆ. ಎಲ್ಲ ಮೋಟರೂ ಒಟ್ಟಿಗೆ ಎಳೆದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆಂದು ತಮ್ಮತಮ್ಮಲ್ಲೇ ಸರತಿ ಮಾಡಿಕೊಂಡು ಟೈಮರ್ ಇಟ್ಟಿದ್ದರು. ಮೊದಲು ಕೆರೆ ಕಡೆಯ ತೋಟ, ಆಮೇಲೆ ಅದರ ಪಕ್ಕದ್ದು, ಹೀಗೇ ಒಂದೊಂದಾಗಿ ಬಂದು ಕೊನೆಗೆ ನಮ್ಮದು.

ಇದು ತಿಳಿಯದೆ ನಾನು ಒಂದು ದಿನ ಒಬ್ಬಳೇ ಸೋಗೆ ಹೆಣೆಯುತ್ತಾ ಕೂತಿದ್ದೆ. ಬೀಗ ಹಾಕದ ಪಂಪ್‌ಮನೆಯೊಳಗೆ ಏನೋ ಕಟಕ್ಕೆಂದಿತು. ಪೈಪಿನ ಬಾಯಿ ಮುದುಕರ ಹಾಗೆ ಕೆಮ್ಮಿತು, ಆಮೇಲೆ ನೀರು ಸುರಿಯಿತು. ಇಣುಕಿ ನೋಡಿದರೆ ಒಳಗೆ ಯಾರೂ ಇಲ್ಲ. ಬೋರ್ಡಿನ ಮೇಲೆ ಮೂರು ಫೇಸಿನ ಮೂರು ದೀಪ ಉರಿಯುತ್ತಿವೆ. ನಾನು ಮನೆಗೆ ಓಡಿದೆ. "ದೆವ್ವ ಅಲ್ಲ ಕಣೇ, ಕರೆಂಟು," ಅಂತ ನನ್ನ ಗಂಡ ವಾರಗಟ್ಟಲೆ ಆಡಿಕೊಂಡರು.

ಆಮೇಲೆ ಹೆಗ್ಗಣ ನಮ್ಮ ಬೋರ್‌ವೆಲ್ಲಿನ ಕೇಬಲ್ ಕಡಿದು ಹಾಕಿತು. ಇವರು ಬದುವಿನಾಚೆ, ಬೋರಿನ ಪಕ್ಕ, ಜಾಯಿಂಟ್ ಮಾಡಲು ಕೂತರು.

"ಫ್ಯೂಸ್ ಕಿತ್ತಿದೀರಾ?" ಅಂದೆ.

"ಕರೆಂಟ್ ಮುಖ ನೋಡೇ ಎಷ್ಟ್ ದಿನ ಆಯ್ತು, ಇನ್ನೇನ್ ಕೀಳೋದು? ಬುಡು."

ಊರಿನವರೆಲ್ಲ ಆಗ ಹಾಗೇ ಇದ್ದರು. ಇಲ್ಲದ್ದಕ್ಕೆ ಹೆದರುವುದೇಕೆ ಅಂತ ಲೆಕ್ಕ.

ಕಾಫಿ ತರಲು ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಕೆರೆ ಕಡೆಯಿಂದ ಗುಂಯ್ ಅಂತ ಒಂದು ಸದ್ದು. ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅದಕ್ಕಿಂತ ಹತ್ತಿರದ ತೋಟದಲ್ಲಿ ಇನ್ನೊಂದು. ಮತ್ತೆ ಸುಮ್ಮನೆ. ಮತ್ತೆ ಇನ್ನೂ ಹತ್ತಿರ ಇನ್ನೊಂದು. ಒಂದು ಆಳೂ ಇಲ್ಲದ ತೋಟಗಳನ್ನು ದಾಟಿಕೊಂಡು ಅದು ನಮ್ಮ ಕಡೆಗೇ ನಡೆದು ಬರುತ್ತಿತ್ತು. ಮುಂದಿನ ಸರತಿ ನಮ್ಮದು.

"ರೀ, ಕೇಬಲ್ ಬಿಡಿ" ಅಂತ ಕೂಗಿದೆ. ಬದುವಿನಾಚೆಗೆ ಅದು ಕೇಳಿಸಲಿಲ್ಲ. ಬದುವಿನಾಚೆಗೆ ಓಡಲೋ, ಪಂಪ್‌ಮನೆಗೆ ಓಡಲೋ? ಪಂಪ್‌ಮನೆ ಹತ್ತಿರವಿತ್ತು. ಒಳಗೆ ಆ ಮೂರು ದೀಪ ಆಗಲೇ ಉರಿಯುತ್ತಿದ್ದವು. ಮೇನ್ ಸ್ವಿಚ್ಚಿನ ಹಿಡಿ ತುಕ್ಕು ಹಿಡಿದು ಬಿಗಿದಿತ್ತು. ಎರಡೂ ಕೈಯಲ್ಲಿ ಜೋತುಬಿದ್ದೆ. ಹಿಡಿ ಕೆಳಗೆ ಬಂತು, ದೀಪ ಆರಿದವು. ಪಕ್ಕದ ತೋಟದಲ್ಲಿ ಮೋಟರ್ ಓಡುತ್ತಲೇ ಇತ್ತು.

ಬದುವಿನ ಹತ್ತಿರ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಹೋದೆ. ಇವರು ಕುಕ್ಕರುಗಾಲಲ್ಲಿ ಕೂತು, ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಸುಲಿಯುತ್ತಿದ್ದರು.

"ಯಾಕೆ ಹಿಂಗ್ ಓಡ್ಬಂದೆ? ಕರೆಂಟ್ ಬಂತಾ?"

ನಾನು ಪಕ್ಕದ ತೋಟದ ಕಡೆ ಕೈ ತೋರಿಸಿದೆ. ಅವರು ಕಿವಿಗೊಟ್ಟು ಕೇಳಿದರು. ಆಮೇಲೆ ಆ ವೈರನ್ನು ಹಾವು ಇಳಿಸುವ ಹಾಗೆ ನೆಲಕ್ಕಿಟ್ಟರು. ಬಾಯಿಗೆ ಬಂದ ಹಾಗೆ ಬೈದೆ, ಆಮೇಲೆ ಪಕ್ಕದ ಒಣಕಾಲುವೆಯಲ್ಲೇ ಕೂತು ಅತ್ತೆ.

ಆ ಬರ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಫ್ಯಾಕ್ಟರಿ ಚಾವಣಿಗೆ ಸೋಲಾರ್ ಬಂತು, ಆಮೇಲೆ ತುಮಕೂರಿನಲ್ಲಿ ಮನೆಮನೆಯ ತಾರಸಿಗೆ, ಕೊನೆಗೆ ನಮ್ಮ ತೋಟಕ್ಕೂ. ಈಗ ಕಲ್ಲಿದ್ದಲು ಬಂತೋ ಬಿಟ್ಟಿತೋ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಪ್ಯಾನೆಲ್ ಹಾಕಿದವನು ಮಾತ್ರ ಹೋಗುವಾಗ, "ಬಿಸ್ಲಿರೋವರ್ಗೂ ಪ್ಯಾನೆಲ್ ವೈರಲ್ಲಿ ಕರೆಂಟ್ ಇದ್ದೇ ಇರತ್ತೆ, ಹುಷಾರು" ಅಂದ. ಬೆಳಿಗ್ಗೆ ಬಿಸಿಲು ಏರಿದಾಗ ಮೋಟರ್ ಈಗಲೂ ತಾನಾಗಿ ಶುರುವಾಗುತ್ತದೆ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ನಾನಿಲ್ಲದೆ ಇವರು ವೈರ್ ಮುಟ್ಟುವುದಿಲ್ಲ. ನಾನು ಸ್ವಿಚ್ ಇಳಿಸಿ ಹಿಡಿದು ನಿಲ್ಲಬೇಕು. ಬದುವಿನಾಚೆಯಿಂದ "ಇದೀಯಾ?" ಅಂತಾರೆ. "ಇದೀನಿ" ಅನ್ನಬೇಕು, ಆಮೇಲೆ ಕೆಲಸ.

ಮೊನ್ನೆ ಏನೋ ಮಾತಿಗೆ ಸಿಟ್ಟು ಬಂದು ನಾನು ಓಗೊಡಲಿಲ್ಲ. ಇವರು ಎರಡು ಸಲ ಕೂಗಿದರು. ಆಮೇಲೆ ತೋಟವೆಲ್ಲ ಸುಮ್ಮನಾಯಿತು. ಕೂಗಲಿ, ಇನ್ನೊಂದು ಸಲ ಕೂಗಲಿ ಅಂದುಕೊಳ್ಳುವಷ್ಟರಲ್ಲಿ ಯಾರೋ ಓಡಿ ಬರುವ ಸದ್ದು. ಇವರು ಬಂದು ಪಂಪ್‌ಮನೆಯ ಬಾಗಿಲಲ್ಲಿ ನಿಂತರು. ಮುಖ ಬಿಳಿಚಿಕೊಂಡಿತ್ತು. ಮೊದಲು ಸ್ವಿಚ್ಚಿನ ಮೇಲಿದ್ದ ನನ್ನ ಕೈ ನೋಡಿದರು, ಆಮೇಲೆ ನನ್ನನ್ನು.

"ಕೂಗಿದ್ರೆ ಓ ಅನ್ನೇ, ನಿಂಗೇ ಕರೆಂಟ್ ಹೊಡೀತೇನೋ ಅಂದ್ಕೊಂಡೆ," ಅಂದರು.

"ಇದೀನಿ ಕಣ್ರೀ," ಅಂದೆ.

ಅವತ್ತು ಅವರು ಆ ಕೆಲಸಕ್ಕೆ ವಾಪಸ್ ಹೋಗಲಿಲ್ಲ.