ತೂಬಿನ ಮೂರು ಸುತ್ತು

ಪರದೆಯ ಮೇಲೆ ನಾಯಕಿ ತೂಬಿನ ಚಕ್ರವನ್ನು ಮೂರು ಸುತ್ತು ತಿರುಗಿಸಿ ಕೈ ತೆಗೆದಾಗ, ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರೂ ಕೈ ತೆಗೆದರು. ಅಲ್ಲಿಯವರೆಗೆ ಅವರ ಎರಡೂ ಕೈ ಎದುರಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದವು. “ಸಾಕು, ಇನ್ನು ಕಾಯಬೇಕು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಚನ್ನಗಿರಿಯ ಟಾಕೀಸು, ಭಾನುವಾರದ ಮ್ಯಾಟಿನಿ. ಲೋಕ ಹಾಳಾದ ಮೇಲಿನ ಕತೆ ಹೇಳುವ ಸಾಹಸ ಚಿತ್ರವೊಂದರ ಎರಡನೇ ಭಾಗ. ಮೊದಲ ಭಾಗದ ತುಂಬ ಗಾಡಿಗಳ ಕಾಳಗವಿತ್ತು, ಎಲ್ಲ ಊರಿನಲ್ಲೂ ಜೋರಾಗಿ ಓಡಿತ್ತು. ಈ ಭಾಗದ ಕೊನೆಯಲ್ಲಿ ನಾಯಕಿ ಬಂದೂಕು ಎತ್ತುವುದೇ ಇಲ್ಲ. ಉಳಿದಿರುವ ಒಂದೇ ಕೆರೆಯ ತೂಬನ್ನು ಸ್ವಲ್ಪವೇ ಎತ್ತಿ, ವೈರಿಗಳ ಗಾಡಿಗಳು ಒಣ ಕಾಲುವೆಯೊಳಗೆ ಸಾಲಾಗಿ ಬರುತ್ತಿದ್ದರೂ ಸುಮ್ಮನೆ ನಿಲ್ಲುತ್ತಾಳೆ. ಬೆಂಗಳೂರಿನ ವಿಮರ್ಶಕರೆಲ್ಲ ಒಂದೇ ಪ್ರಶ್ನೆ ಕೇಳಿದ್ದರು. ಅವಳು ಪೂರ್ತಿ ಯಾಕೆ ಎತ್ತುವುದಿಲ್ಲ?

ನನ್ನ ಪ್ರಶ್ನೆಯೂ ಅದೇ ಆಗಿತ್ತು. ಜಿಲ್ಲಾ ಪತ್ರಿಕೆಯೊಂದರ ಬುಧವಾರದ ಸಿನಿಮಾ ಪುಟಕ್ಕೆ ನಾನು ಹೆಸರಿಲ್ಲದೆ ಬರೆಯುತ್ತಿದ್ದೆ. ಶುಕ್ರವಾರ ದಾವಣಗೆರೆಯ ಎ.ಸಿ. ಚಿತ್ರಮಂದಿರದಲ್ಲಿ, ಮುಕ್ಕಾಲು ಖಾಲಿ ಕುರ್ಚಿಗಳ ನಡುವೆ ನೋಡಿ ಬಂದು, ಆ ದೃಶ್ಯವನ್ನು ಹಳಿದು ಕರಡು ಮುಗಿಸಿದ್ದೆ. ಮತ್ತೆ ನೋಡಲು ಹೋದದ್ದು ಜಗಳೂರಿನಿಂದ ಬಂದಿದ್ದ ಸೋದರತ್ತೆ ಹಟ ಹಿಡಿದರು ಎಂದು.

ಅತ್ತೆ ಮುಂದೆ ಬಾಗಿ ಹಿರಿಯರನ್ನೇ ಕೇಳಿದರು. “ಅಲ್ರೀ ಯಜಮಾನ್ರೆ, ಅಷ್ಟು ಗಾಡಿ ಬರ್ತಾ ಅದಾವೆ, ಇವಳು ಹೆಂಗೆ ಸುಮ್ನೆ ನಿಂತಾಳೆ?”

“ಒಣಗಿದ ಕಾಲುವೆ ಕಣಮ್ಮ. ಒಂದೇ ಸಲ ಬಿಟ್ರೆ ಏರಿ ಕಿತ್ಕಂಡು ಹೋಗ್ತೈತೆ. ನೀರು ಅರ್ಧ ದಾರಿಯಾಗೇ ಹೊಲಕ್ಕೆ ನುಗ್ಗಿ ಹೋಗ್ತೈತೆ. ಮೊದ್ಲು ಮಣ್ಣು ನೆನೀಬೇಕು.”

“ನೀವು ಹೇಳಿದ್ರೆ ಆಯ್ತಾ? ಸಿನಿಮಾದೋರಿಗೆ ಗೊತ್ತಿರಬೇಕಲ್ಲ.”

“ಗೊತ್ತಿರೋದಕ್ಕೇ ಮೂರು ಸುತ್ತಿಗೆ ನಿಲ್ಸಿರೋದು. ಸೂಳೆಕೆರೆ ತೂಬಿನಾಗೆ ಇಪ್ಪತ್ತು ವರ್ಷ ನೀರಗಂಟಿಯಾಗಿ ನೀರು ಬಿಟ್ಟೀನಿ. ನೀವು ಯಾವ ಕಡೇರು?”

“ಜಗಳೂರು.”

“ಹಂಗಾರೆ ಬಿಡ್ರಿ, ಬರದ ಸೀಮೆ. ನೀವು ಕಾಲುವೆ ನೋಡಿದ್ದು ಸಿನಿಮಾದಾಗೇ.”

ಅತ್ತೆ ಸೋಲಲಿಲ್ಲ. “ಅದಕ್ಕೇ ಅಲ್ವೇನ್ರಿ ಟಿಕೆಟ್ ತಗಂಡು ಬಂದಿರೋದು.” ಸುತ್ತಲಿನವರು ನಕ್ಕರು.

ಪರದೆಯ ಮೇಲೆ ನಾಯಕಿಯ ಜೊತೆಗಾರನೊಬ್ಬ ಭಯಗೊಂಡು ಚಕ್ರಕ್ಕೆ ಕೈ ಹಾಕಿದ. ಹಿಂದಿನ ಸಾಲಿನಿಂದ ಹೆಂಗಸೊಬ್ಬರ ದನಿ ಬಂತು, “ಮುಟ್ಟಬ್ಯಾಡಪ್ಪ, ತಡಿ.” ಬಾಲ್ಕನಿಯಿಂದ ಇನ್ನೊಬ್ಬರು, “ನೆಂದಿಲ್ಲ ಇನ್ನೂ.” ದಾವಣಗೆರೆಯಲ್ಲಿ ಜನ ಮೊಬೈಲು ತೆಗೆದಿದ್ದ ಹೊತ್ತು ಅದು, ಇಲ್ಲಿ ಯಾರೂ ಬೆನ್ನು ಒರಗಿಸಿರಲಿಲ್ಲ. ಕಾಲುವೆಯ ಮಣ್ಣು ನೆನೆದು ಕಪ್ಪಾಗುತ್ತ ಹೋಯಿತು, ಆ ಕಪ್ಪು ದೂರದ ತಿರುವು ದಾಟಿತು. ನಾಯಕಿ ನಾಲ್ಕನೇ ಸುತ್ತಿಗೆ ಕೈ ಇಟ್ಟಳು. ಟಾಕೀಸು ಎದ್ದು ನಿಂತಿತು. ನೀರು ಗಾಡಿಗಳನ್ನು ಹೊತ್ತೊಯ್ಯುವ ಸದ್ದು ಶಿಳ್ಳೆಯಲ್ಲಿ ನನಗೆ ಕೇಳಿಸಲೇ ಇಲ್ಲ.

ಹೊರಬರುವಾಗ ಮ್ಯಾನೇಜರು ಗೇಟಿನಲ್ಲಿ ಹಿರಿಯರಿಗೆ ಹೇಳುತ್ತಿದ್ದರು. “ಗುರುವಾರಕ್ಕೆ ತೆಗಿತೀವ್ರಿ. ಪೇಪರಿನಾಗೆಲ್ಲ ಬೈದಾರೆ. ಭಾನುವಾರ ಒಂದಿನ ತುಂಬಿದ್ರೆ ಏನು ಮಾಡಾಕೆ ಆಗ್ತೈತೆ?” ಹಿರಿಯರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಬೈದವರಲ್ಲಿ ನಾನೂ ಸೇರುವವಳಿದ್ದೆ. ಮನೆಗೆ ಬಂದು ಕರಡು ಅಳಿಸಿದೆ. ಮೂರು ಸುತ್ತಿನಿಂದಲೇ ಮತ್ತೆ ಶುರು ಮಾಡಿ, ವಿಮರ್ಶಕರ ಪ್ರಶ್ನೆಗೆ ನೀರಗಂಟಿಯವರ ಉತ್ತರವನ್ನು ಅವರ ಮಾತಿನಲ್ಲೇ ಬರೆದೆ. ಇಂಥ ಕಾಯುವಿಕೆಯನ್ನು ಕಾಳಗವಾಗಿ ತೋರಿಸಿದ್ದೇ ಈ ಚಿತ್ರದ ಗೆಲುವು ಎಂದೆ. ನನ್ನ ತಪ್ಪನ್ನೂ ಬಚ್ಚಿಡಲಿಲ್ಲ.

ಮರುದಿನ ಸಂಪಾದಕರು ಫೋನ್ ಮಾಡಿದರು. “ಮೇಡಂ, ಎಲ್ರೂ ತಪ್ಪು ಅಂದಿದ್ದನ್ನ ನೀವೊಬ್ರು ಸರಿ ಅಂತೀರಿ. ಹೆಸರಿಲ್ದೆ ಹಾಕಿದ್ರೆ ಸಿನಿಮಾದೋರೇ ಬರೆಸಿದ್ದು ಅಂತಾರೆ. ಹೆಸರು ಹಾಕ್ಲಾ?”

ನಾನು ನ್ಯಾಮತಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬರೆಯುತ್ತೇನೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಹೊಸದಾಗಿ ಸಿಗಬೇಕಾದ ಕೆಲಸ ಕೈತಪ್ಪೀತೆಂದು, ಗೊತ್ತಾಗದಂತೆ ಎರಡು ವರ್ಷ ಜಾಗ್ರತೆ ವಹಿಸಿದ್ದೆ.

“ಹಾಕಿ” ಎಂದೆ.

ಬುಧವಾರ ಅಚ್ಚಾಯಿತು. ಸಂಜೆಯ ಆಟಕ್ಕೆ ನಲ್ಲೂರಿನಿಂದ, ಕೆರೆಯ ಸುತ್ತಲಿನ ಹಳ್ಳಿಗಳಿಂದ ಜನ ಗಾಡಿ ಮಾಡಿಕೊಂಡು ಬಂದರಂತೆ. ಗುರುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಕೂತಾಗ ಹಿಂದಿನ ಸೀಟಿನಲ್ಲಿ ಸಾಸ್ವೆಹಳ್ಳಿಯ ಇಬ್ಬರು, ನಾಯಕಿ ಇನ್ನರ್ಧ ಸುತ್ತು ಕಡಿಮೆ ಎತ್ತಬೇಕಿತ್ತೆಂದು ಜಗಳವಾಡುತ್ತಿದ್ದರು. ನಾನು ಮುಖ ಕಿಟಕಿಗೆ ತಿರುಗಿಸಿ ಒಬ್ಬಳೇ ನಕ್ಕೆ. ಅಂದು ಸಂಜೆ ಅತ್ತೆ ಟಾಕೀಸಿನವರೆಗೆ ನಡೆದು ಹೋಗಿ ಸುದ್ದಿ ತಂದರು. “ತೆಗಿಯಲ್ವಂತೆ. ಎರಡನೇ ವಾರ ಅಂತ ಬೋರ್ಡು ಹಾಕ್ಯಾರೆ. ನಿನ್ನ ಹೆಸರು ಗೇಟಿಗೆ ಅಂಟಿಸ್ಯಾರೆ ಕಣೆ, ನಾಲ್ಕು ಸಲ ಓದಿದೆ.”

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಟಾಕೀಸಿನ ಎದುರು ನಿಂತೆ. ಪತ್ರಿಕೆಯ ತುಣುಕಿನಲ್ಲಿ ನನ್ನ ಹೆಸರಿಗೆ ಕೆಂಪು ಗೆರೆ ಎಳೆದಿದ್ದರು. ಹಾಲು ಒಯ್ಯುತ್ತಿದ್ದವರು ನೋಡುತ್ತಿದ್ದರೂ ಕೊನೆಯವರೆಗೆ ಓದಿದೆ. ಒಂದು ಕಡೆ ಮೂರು ಸುತ್ತು ನಾಲ್ಕು ಸುತ್ತಾಗಿ ಅಚ್ಚಾಗಿತ್ತು. ಚೀಲದಿಂದ ಪೆನ್ನು ತೆಗೆದು ‘ನಾಲ್ಕು’ ಹೊಡೆದು ಹಾಕಿ, ಮೇಲೆ ‘ಮೂರು’ ಎಂದು ಬರೆದು, ಹೊನ್ನಾಳಿಯ ಬಸ್ಸು ಹತ್ತಿದೆ.