ಹದಿನಾಲ್ಕು ಕ್ರೆಡಿಟ್ಟಿನ ಸರದಿ

ನನ್ನ ಮೊಮ್ಮಗಳು ಟೆಸ್ಸಾ, ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಸುಮ್ಮನಾಗುವವಳಲ್ಲ. ಯಾಕಾಗುವುದಿಲ್ಲ ಎಂದು ಕೇಳಿಯೇ ತೀರುತ್ತಾಳೆ. ಆ ಹಟ ನನ್ನದೇ. ಮೂವತ್ತು ವರ್ಷ ನಮ್ಮೂರು ಟೊಲೀಡೊದಲ್ಲಿ ಶಾಲೆಯ ಬಸ್ಸು ಓಡಿಸಿದವಳು ನಾನು, ಯಾರಿಗೂ ದಾರಿ ಬಿಟ್ಟವಳಲ್ಲ. ಆದರೂ ಒಂದು ವಿಷಯದಲ್ಲಿ ಈ ಹುಡುಗಿಯ ಮುಂದೆ ಸೋತೆ.

ಹೈಸ್ಕೂಲಿನಲ್ಲಿದ್ದಾಗಲೇ ಅವಳು ಕಾಲೇಜು ಮಟ್ಟದ ಎ.ಪಿ. ಪರೀಕ್ಷೆ ಮೂರು ಬರೆದಿದ್ದಳು: ಜೀವಶಾಸ್ತ್ರ, ಇತಿಹಾಸ, ಇಂಗ್ಲಿಷ್. ಮೂರರಲ್ಲೂ ಐದಕ್ಕೆ ನಾಲ್ಕು. ಅದಕ್ಕೆ ಕಾಲೇಜಿನಲ್ಲಿ ಹದಿನಾಲ್ಕು ಕ್ರೆಡಿಟ್ಟು, ಅಂದರೆ ಓದಿ ಮುಗಿಸಿದ ಪಾಠದ ಲೆಕ್ಕ, ಸಿಗುತ್ತದೆ, ಅಷ್ಟು ಓದು ಉಳಿಯಿತು, ಬೇಗ ನರ್ಸ್ ಆಗುತ್ತಾಳೆ ಎಂದು ಬೀದಿಗೆಲ್ಲ ಸಾರಿದೆ. ಅಂಕಪಟ್ಟಿಗೆ ಲ್ಯಾಮಿನೇಷನ್ ಬೇರೆ ಮಾಡಿಸಿದೆ.

ಜುಲೈಯಲ್ಲಿ ಅದನ್ನು ಹಿಡಿದುಕೊಂಡು ಕಾಲೇಜಿಗೆ ಹೋದೆವು. ಸಲಹೆಗಾರ ಪ್ರುಯಿಟ್ ಅದನ್ನು ಬೆರಳಲ್ಲೇ ಹಿಂದಕ್ಕೆ ತಳ್ಳಿದ.

"ಈ ಕಾಗದ ನಡೆಯಲ್ಲ ಅಮ್ಮಾ. ಪರೀಕ್ಷೆ ಮಾಡಿದೋರೇ ನೇರವಾಗಿ ಅಂಕ ಕಳಿಸ್ಬೇಕು. ಕಳಿಸಿದ್ರೂ ಅಷ್ಟೇ, ನರ್ಸಿಂಗ್‌ನೋರು ಹೈಸ್ಕೂಲ್ ಜೀವಶಾಸ್ತ್ರ ಒಪ್ಪಲ್ಲ. ದೇಹರಚನೆ ಪಾಠ ಇಲ್ಲೇ ಓದ್ಬೇಕು. ಈ ಹದಿನಾಲ್ಕು ಕ್ರೆಡಿಟ್ಟು ಐಚ್ಛಿಕ ಅಂತ ಒಂದ್ ಮೂಲೇಲಿ ಬಿದ್ದಿರುತ್ತೆ."

ನನಗೆ ಮೈಯೆಲ್ಲ ಉರಿಯಿತು. ಕಾರಿನಲ್ಲಿ ಕೂತವಳೇ, "ಮೂಲೇಲಿ ಬಿದ್ದಿರೋಕೆ ಯಾಕೆ ಕಳಿಸೋದು? ಬಿಟ್ಹಾಕು ಅತ್ಲಾಗೆ" ಎಂದೆ.

ಟೆಸ್ಸಾಳ ಚಿಂತೆ ಬೇರೆಯೇ ಇತ್ತು. ನಮ್ಮ ಬೀದಿಯ ಪೋಲಿಷ್ ಬೇಕರಿಯಲ್ಲಿ ಅವಳ ಕೆಲಸ ಬೆಳಗಿನ ಜಾವ ನಾಲ್ಕರಿಂದ ಹತ್ತರವರೆಗೆ. ಆ ಸಂಬಳವಿಲ್ಲದೆ ಓದು ನಡೆಯುವಂತಿರಲಿಲ್ಲ. ದೇಹರಚನೆಯ ತರಗತಿಗಳಲ್ಲಿ ಹತ್ತರ ನಂತರ ಇದ್ದದ್ದು ಒಂದೇ, ಇಪ್ಪತ್ತನಾಲ್ಕು ಸೀಟು. ಜನವರಿಯಲ್ಲಿ ಶುರುವಾಗುವ ವಸಂತದ ಅವಧಿಗೆ ಅಲ್ಲಿ ಜಾಗ ಸಿಗದಿದ್ದರೆ ನರ್ಸಿಂಗ್‌ಗೆ ಅರ್ಜಿ ಹಾಕುವುದು ಒಂದು ವರ್ಷ ಮುಂದೆ ಹೋಗುತ್ತಿತ್ತು. ಮೊದಲ ವರ್ಷದವರಿಗೆ ಸೀಟು ಆರಿಸುವ ಸರದಿ ಎಲ್ಲರಿಗಿಂತ ಕೊನೆಗೆ.

ಆ ಶನಿವಾರ ನಾನು ಬೇಕರಿಗೆ ಹೋದೆ. ಬಾಗಿಲಲ್ಲಿ ನಂಬರಿನ ಚೀಟಿ ಹರಿದುಕೊಂಡು, ಕರೆಯುವವರೆಗೆ ಕಾಯಬೇಕು. ನನ್ನದು ನಲವತ್ತಾರು. ಟೆಸ್ಸಾ ಇನ್ನೂ ಇಪ್ಪತ್ತೊಂಬತ್ತನ್ನು ಕೂಗುತ್ತಿದ್ದಳು. ಜಾಮ್ ತುಂಬಿ ಕರಿದ ಪೂಂಚ್ಕಿ ಬನ್ನು ನನ್ನ ಕಣ್ಣೆದುರೇ ಖಾಲಿಯಾಗುತ್ತಿತ್ತು.

"ಈ ಚೀಟಿ ಕಟ್ಕೊಂಡು ಏನ್ ಮಾಡ್ಲೇ? ಇದನ್ನ ತಿನ್ನೋಕಾಗುತ್ತಾ?" ಎಂದು ರೇಗಿದೆ.

"ತಿನ್ನೋಕಲ್ಲ ಬೂಷಾ, ಸರದಿಗೆ" ಎಂದಳು. ಅವಳ ಬಾಯಲ್ಲಿ ಅಜ್ಜಿ ಎಂದರೆ ಬೂಷಾ. ಹಾಗೆಂದವಳು ಮೂವತ್ತನ್ನು ಕೂಗುವುದನ್ನೇ ಮರೆತು ಚೀಟಿಯನ್ನು ನೋಡುತ್ತಾ ನಿಂತಳು.

ಸೋಮವಾರ ಅಡುಗೆಮನೆಯಿಂದ ಪ್ರುಯಿಟ್‌ಗೆ ಫೋನ್ ಮಾಡಿದಳು. ಮಾತು ಹೊರಗೆ ಕೇಳುವಂತೆ ಇಟ್ಟಿದ್ದಳು.

"ಪಾಠ ಕಮ್ಮಿಯಾಗಲ್ಲ, ಒಪ್ಕೊಂಡೆ ಸರ್. ಸೀಟು ಆರಿಸೋ ಸರದಿ ಯಾವ ಲೆಕ್ಕದ ಮೇಲೆ?"

"ಯಾರ ಹತ್ರ ಎಷ್ಟು ಕ್ರೆಡಿಟ್ ಇದೆಯೋ ಆ ಲೆಕ್ಕದ ಮೇಲೆ."

"ಮೂಲೇಲಿ ಬಿದ್ದಿರೋದೂ ಸೇರುತ್ತಾ?"

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. "ಸೇರುತ್ತೆ ಕಣಮ್ಮಾ. ನವೆಂಬರಲ್ಲಿ ಸೀಟು ಆರಿಸೋ ವಾರ ಶುಕ್ರವಾರದ ಬದ್ಲು ಮಂಗಳವಾರ ಬರುತ್ತೆ ನಿನ್ನ ಸರದಿ. ನೀನು ಕೇಳ್ದೆ ಇದ್ದಿದ್ರೆ ನನಗೂ ಹೊಳೀತಿರ್ಲಿಲ್ಲ."

ಫೋನ್ ಇಟ್ಟವಳೇ ಅಂಕಗಳನ್ನು ಕಳಿಸಲು ಅರ್ಜಿ ಹಾಕಿದಳು. ನಾನು ಕೇಳಿಸಿಕೊಳ್ಳದವಳಂತೆ ಪಾತ್ರೆ ತಿಕ್ಕುತ್ತಿದ್ದೆ.

ನವೆಂಬರಿನ ಆ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟು ಮೆತ್ತಿದ ಬೆರಳಲ್ಲೇ ಫೋನಿನಲ್ಲಿ ಸೀಟು ಒತ್ತಿದಳು. ಉಳಿದಿದ್ದದ್ದು ಎರಡು. ಶುಕ್ರವಾರ ಬರುವಷ್ಟರಲ್ಲಿ ಒಂದೂ ಇರಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ, ಕಳೆದ ಚಳಿಗಾಲದಲ್ಲಿ ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ನೋವು ತಡೆಯಲಾರದೆ ಗಂಟೆ ಒತ್ತಿದ್ದೇ ಒತ್ತಿದ್ದು. ಪರದೆ ಸರಿಸಿ ನೀಲಿ ಸಮವಸ್ತ್ರದ ನರ್ಸ್ ಒಳಗೆ ಬಂದಳು. ಮೇಲಿನ ಮಹಡಿಯಲ್ಲಿ ಪಾಳಿ ಮುಗಿಸಿ ಬಂದಿದ್ದ ಟೆಸ್ಸಾ.

"ಸರದಿ ಬರೋವರ್ಗೂ ಕಾಯೋಕಾಗಲ್ವಾ ನಿಂಗೆ? ಸರದಿ ಬೇಗ ತರೋ ಅಂಕಾನೇ ಕಳಿಸ್ಬೇಡ, ಬಿಟ್ಹಾಕು ಅಂದೋಳು ನೀನೇ ತಾನೇ?"

ನಾನು ಗಂಟೆ ಕೆಳಗಿಟ್ಟು ಅವಳತ್ತ ಕಾಲು ಚಾಚಿದೆ.